ಸೂಪರ್‌ಚಾರ್ಜರ್ ಸಾಹೇಬರಿಗೆ, ಹುರಳಿಯ ವಿಷಯವಾಗಿ

ಇಂದ:
ಮುಕುಂದ, ಅರ್ಜಿ ಬರೆಯುವವನು,
ತಾಲೂಕು ಕಚೇರಿಯ ಎದುರಿನ ತಗಡಿನ ಶೆಡ್ಡು, ಬೈಲಹೊಂಗಲ.

ಗೆ:
ಶ್ರೀಮಾನ್ ಸೂಪರ್‌ಚಾರ್ಜರ್ ಸಾಹೇಬರು,
ಸದ್ಯದ ಬಿಡಾರ: ಬುರಾನಸಾಬನ ಕಣ, ದೊಡವಾಡ.

ವಿಷಯ: ತಮ್ಮ ಆಗಮನದ ನಂತರ ನಮ್ಮ ಮನೆಯಲ್ಲಿ ದಿನಾಲೂ ಬೆಳಿಗ್ಗೆ ಒಂದು ಕಪ್ ಚಹಾ ಕುಡಿಯುವವರಿಲ್ಲದೆ ಉಳಿಯುತ್ತಿರುವ ಬಗ್ಗೆ.

ಉಲ್ಲೇಖ: ತಮ್ಮೊಡನೆ ಬಂದ ಕೈಪಿಡಿ, ಪುಟ ಮೂರು.

ಮಾನ್ಯರೇ,

ಬಯಲಿನ ಗಾಳಿಯನ್ನು ಹಿಡಿದು, ಹಿಂಡಿ, ಎಂಜಿನ್ನಿನ ಗಂಟಲಿಗೆ ಒತ್ತಿ ತುಂಬಿ, ಮುದಿ ಕಾರಿಗೂ ಹರೆಯ ಬರಿಸುವ ಮಹತ್ಕಾರ್ಯಕ್ಕಾಗಿ ಕೊಲ್ಹಾಪುರದಿಂದ ಥರ್ಮೋಕೋಲಿನ ಹಾಸಿಗೆಯಲ್ಲಿ ಮಲಗಿಕೊಂಡು ನಮ್ಮೂರಿಗೆ ದಯಮಾಡಿಸಿದ ತಮಗೆ ಈ ಬಡ ಅರ್ಜಿದಾರನು ಎರಡೂ ಕೈ ಜೋಡಿಸಿ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಣದ ಧೂಳಿನಿಂದ ತಮ್ಮ ಹೊಳಪು ಸ್ವಲ್ಪ ಮಾಸಿದೆ ಎಂದು ಕೇಳಿ ನನಗೆ ಆಗಬೇಕಾದಷ್ಟು ದುಃಖ ಆಗಲಿಲ್ಲವೆಂಬುದನ್ನು ಆರಂಭದಲ್ಲಿಯೇ ಪ್ರಾಮಾಣಿಕವಾಗಿ ನಿವೇದಿಸಿಕೊಳ್ಳುತ್ತೇನೆ.

ನಾನು ಯಾರೆಂಬುದು ತಮಗೆ ಗೊತ್ತಿದ್ದರೂ ಇದು ಬಹಿರಂಗ ಪತ್ರವಾದ್ದರಿಂದ ಉಳಿದವರ ಅನುಕೂಲಕ್ಕಾಗಿ ಹೇಳಬೇಕಾಗಿದೆ. ನಮ್ಮ ಹಿರಿಯರು ಪಂಚಾಂಗ ನೋಡಿ, ಪೌರೋಹಿತ್ಯ ಮಾಡಿ ಬದುಕಿದರು. ನಾನು ಮೂವತ್ತೊಂದು ವರ್ಷಗಳಿಂದ, ಮೊದಲು ಟೈಪ್ ಮಷೀನಿನ ಮುಂದೆ ಮತ್ತು ಈಗ ಕಂಪ್ಯೂಟರಿನ ಮುಂದೆ ಕುಳಿತು, ಕಿತ್ತೂರಿನಿಂದ ರಾಮದುರ್ಗದವರೆಗಿನ ಜನರ ಅರ್ಜಿಗಳನ್ನು ಬರೆದುಕೊಡುತ್ತ ಬಂದಿದ್ದೇನೆ. ಹೊಲದ ಬದುವಿನ ತಕರಾರು, ವಾಲಿದ ವಿದ್ಯುತ್ ಕಂಬ, ಹೆಸರು ತಪ್ಪಾದ ಪಡಿತರ ಚೀಟಿ ಎಲ್ಲವನ್ನೂ ಬರೆದಿದ್ದೇನೆ. ಆದರೆ ನನ್ನ ಹೆಸರು ನಾಲ್ಕು ತಾಲೂಕಿನಲ್ಲಿ ಓಡಾಡುವುದು ತಪ್ಪೊಪ್ಪಿಗೆ ಪತ್ರಗಳಿಂದ. ಕಾರಣ ಕೇಳಿ ನೋಟೀಸು ಬಂದ ನೌಕರನೊಬ್ಬ ಬೆವರು ಒರೆಸಿಕೊಳ್ಳುತ್ತ ಬಂದು ಕುಳಿತರೆ, ಅವನು ಮಾಡಿದ್ದೇನೆಂದು ಹೇಳುವ ಮೊದಲೇ 'ಅಚಾತುರ್ಯದಿಂದ ಸಂಭವಿಸಿದ್ದು, ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು' ಎಂಬ ಸಾಲನ್ನು ನಾನು ಕಣ್ಣು ಮುಚ್ಚಿ ಟೈಪಿಸಿ ಮುಗಿಸಿರುತ್ತೇನೆ. ನನ್ನ ಪರವಾಗಿ ನಾನೇ ಬರೆದುಕೊಳ್ಳುತ್ತಿರುವ ಮೊದಲ ಅರ್ಜಿ ಇದು. ಆದ್ದರಿಂದ ಕೈ ಸ್ವಲ್ಪ ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಾವು ಕೆಲಕಾಲ ಸವಾರಿ ಮಾಡಿದ ನನ್ನ ಕಾರಿನ ಬಗ್ಗೆ ಎರಡು ಮಾತು. ಅದು ಮೂವತ್ತೈದು ವರ್ಷದ ಕಾಂಟೆಸಾ. ಉದ್ದನೆಯ ಬಾನೆಟ್ಟು, ಅಗಲವಾದ ಎದೆ, ಅಖಾಡಕ್ಕಿಳಿಯುವ ಪೈಲ್ವಾನನ ಠೀವಿ. ಇಪ್ಪತ್ತು ವರ್ಷಗಳ ಹಿಂದೆ ಅದು ಚಚಡಿಯ ಹತ್ತಿರದ ಒಂದು ಹೊಲದಲ್ಲಿ ಎಂಜಿನ್ ಹಿಡಿದುಕೊಂಡು, ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವು ಕೂತ ಸ್ಥಿತಿಯಲ್ಲಿ ನನ್ನ ಕಣ್ಣಿಗೆ ಬಿತ್ತು. ಕಂಡವರೆಲ್ಲ ಗುಜರಿ ಎಂದರು. ನನ್ನ ಬಾಲ್ಯದ ಗೆಳೆಯ ಬುರಾನಸಾಬ ಮಾತ್ರ ಬಾನೆಟ್ಟು ಎತ್ತಿ, ಒಂದು ತಾಸು ಸುಮ್ಮನೆ ನೋಡಿ, "ಲೇ ಮುಕ್ಯಾ, ಇದು ಸತ್ತಿಲ್ಲೋ, ಸಿಟ್ಟಿಗೆದ್ದ ಮಲಗೈತಿ" ಎಂದ. ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿರುವ ಆತ, ಒಂದು ವರ್ಷದ ಶುಕ್ರವಾರದ ರಜೆಗಳನ್ನೆಲ್ಲ ನಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಕಳೆದು, ಆ ಕಾರನ್ನು ಎಬ್ಬಿಸಿ ಓಡಾಡಿಸಿದ. ಅದರೊಳಗೆ ಕಾಂಟೆಸಾ ಎಷ್ಟಿದೆ, ಟ್ರ್ಯಾಕ್ಟರ್ ಎಷ್ಟಿದೆ ಎಂಬುದು ಅವನೊಬ್ಬನಿಗೇ ಗೊತ್ತು.

ಬುರಾನಸಾಬನ ಊರು ದೊಡವಾಡ. ದಿನಾಲೂ ಬೆಳಿಗ್ಗೆ ಮೋಟಾರ್ ಸೈಕಲ್ ಮೇಲೆ ಬಂದವನು ಅಂಗಡಿಯ ಬಾಗಿಲು ತೆಗೆಯುವ ಮೊದಲು ನಮ್ಮ ಮನೆಯ ಕಟ್ಟೆಯ ಮೇಲೆ ಅರ್ಧ ತಾಸು ಕೂರುವುದು ಲಾಗಾಯ್ತಿನಿಂದ ನಡೆದುಬಂದ ಪದ್ಧತಿ. ಮೂರನೇ ಇಯತ್ತೆಗೆ ಸಾಲೆ ಬಿಟ್ಟು ನಟ್ಟು ತಿರುಗಿಸುವ ಪಾನಾ ಹಿಡಿದವನಾದ್ದರಿಂದ ಪತ್ರಿಕೆಯನ್ನು ನಾನು ಓದಬೇಕು, ಅವನು ಕೇಳಬೇಕು. ಮಂತ್ರಿಗಳ ಹೇಳಿಕೆ ಬಂದಾಗ ಚಹಾವನ್ನು ಬಸಿಗೆ ಹುಯ್ದುಕೊಂಡು, "ಇವರ ಗೇರ್ ಬಾಕ್ಸ್ ಬಿಚ್ಚಬೇಕ ನೋಡ" ಎನ್ನುತ್ತಿದ್ದ. ನನ್ನ ದಿನ ಶುರುವಾಗುತ್ತಿದ್ದದ್ದು ಆ ಮಾತಿನಿಂದ. ಈಗ ನಾಲ್ಕು ತಿಂಗಳಾಯಿತು, ಆತ ಬರುತ್ತಿಲ್ಲ. ಮೋಟಾರ್ ಸೈಕಲ್ ನಮ್ಮ ಓಣಿಯ ತಿರುವಿನಲ್ಲಿ ನಿಧಾನವಾಗುವುದು ಕೇಳಿಸುತ್ತದೆ, ಮತ್ತೆ ಜೋರಾಗಿ ಹೊರಟುಹೋಗುತ್ತದೆ. ಇದೇ ನನ್ನ ದೂರು. ಉಳಿದದ್ದೆಲ್ಲ ವಿವರ.

ತಮ್ಮನ್ನು ನಾನು ಯಾಕೆ ಬರಮಾಡಿಕೊಂಡೆ ಎಂಬುದನ್ನು ಹೇಳಲು ನಾಚಿಕೆಯಾದರೂ ಹೇಳಬೇಕು. ಹಿಂದಿನ ಕಬ್ಬಿನ ಹಂಗಾಮಿನಲ್ಲಿ ನಾನು ನನ್ನ ಪೈಲ್ವಾನನನ್ನು ಕಿತ್ತೂರಿನ ಕಡೆಯ ಏರಿನಲ್ಲಿ ಹತ್ತಿಸುತ್ತಿದ್ದಾಗ, ಹಿಂದಿನಿಂದ ಹಾಡು ಕೇಳಿಸಿತು. ಹಾಡಿನ ಹಿಂದೆ ಒಂದು ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಹಿಂದೆ ಎರಡು ಖಾಲಿ ಟ್ರೇಲರುಗಳು. ಆ ಇಡೀ ಮೆರವಣಿಗೆ ನನ್ನ ಕಾರನ್ನು ದಾಟಿಕೊಂಡು ಮುಂದೆ ಹೋಯಿತು. ನಡೆಸುತ್ತಿದ್ದವನು ಬುರಾನಸಾಬನ ಮಗ ನಾಸಿರ. ದೊಡ್ಡವರೆಂದರೆ ಬಹಳ ಗೌರವ ಅವನಿಗೆ. ಕೈ ಎತ್ತಿ, "ಕಾಕಾ, ಸಾವಕಾಶ ಬರ್ರಿ, ನಾ ಮುಂದ ಹೋಗಿ ಚಾ ಹೇಳಿರತೇನಿ!" ಎಂದು ಕೂಗಿದ. ಹೇಳಿಯೂ ಇಟ್ಟಿದ್ದ. ಆ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಕೊಲ್ಹಾಪುರದಲ್ಲಿ ಹಳೆಯ ಕಾರುಗಳ ಸಾಮಾನು ಮಾರುವ ನನ್ನ ತಂಗಿಯ ಮಗ ಸಂಕೇತನಿಗೆ ಅಂದೇ ಫೋನ್ ಮಾಡಿದೆ. ಅವನು ತಮ್ಮ ಗುಣಗಾನವನ್ನು ಒಂದು ತಾಸು ಮಾಡಿದ. ಹೀಗೆ ದೀಪಾವಳಿಯ ಹೊತ್ತಿಗೆ ತಾವು ಬಂದಿರಿ. ಡಬ್ಬಿ ಒಡೆದ ಕೂಡಲೇ ನಾನು ತಮ್ಮನ್ನು ಮಗುವಿನಂತೆ ಎತ್ತಿಕೊಂಡು ಬುರಾನಸಾಬನ ಅಂಗಡಿಗೆ ಒಯ್ದೆ. ಆತ ತಮ್ಮನ್ನು ತಿರುವಿ ನೋಡಿ, ತಮ್ಮ ರಾಟೆಯನ್ನು ಬೆರಳಿನಿಂದ ಆಡಿಸಿ, "ಸಾಮಾನ ಚಲೋ ಐತಿ. ಆದರ ಮುಕ್ಯಾ, ಈ ಗಾಡಿಗೆ ಉಸರ ಕಡಿಮಿ ಆಗಿಲ್ಲ, ಬ್ರೇಕ್ ಸವದಾವ. ಮೊದಲ ನಿಲ್ಲಾಕ ಕಲಸು, ಓಡಾಕ ಆಮ್ಯಾಲ ಕಲಸಿಯಂತ" ಎಂದ. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು, ನಕ್ಕರು. ಅವರ ನಗು ನನಗೆ ಕಿತ್ತೂರಿನ ಏರನ್ನು ನೆನಪಿಸಿತು. "ಇದು ಕಾರು, ಬುರಾನ. ಟ್ರ್ಯಾಕ್ಟರ್ ನೋಡಿದ ಕಣ್ಣಿಗೆ ಇದು ತಿಳಿಯೂದಿಲ್ಲ ಬಿಡು" ಎಂದುಬಿಟ್ಟೆ.

ಅದೇ ಕಣ್ಣು ಆ ಕಾರನ್ನು ಬದುಕಿಸಿತ್ತು. ಹೇಳುವಾಗಲೇ ನನಗೆ ಅದು ಗೊತ್ತಿತ್ತು. ಬುರಾನಸಾಬ ಅರಿವೆಯಿಂದ ಕೈ ಒರೆಸಿಕೊಂಡು, ತಮ್ಮನ್ನು ಜೋಪಾನವಾಗಿ ಡಬ್ಬಿಯಲ್ಲಿಟ್ಟು, "ಖರೆ ಐತ್ರಿ ರಾಯರ. ನಮಗೇನ ತಿಳೀತೈತಿ" ಎಂದ. ನಲವತ್ತೈದು ವರ್ಷ ಮುಕ್ಯಾ ಎಂದು ಕರೆದವನ ಬಾಯಲ್ಲಿ ನಾನು ರಾಯರಾದೆ. ಮಾನ್ಯರೇ, ಅಂಥ ಬಡ್ತಿ ಯಾವ ಶತ್ರುವಿಗೂ ಬೇಡ.

ಇನ್ನು ತಮ್ಮ ಕೈಪಿಡಿಯ ಮೂರನೇ ಪುಟ. 'ಸಾಧಾರಣ ಉಪಕರಣಗಳಿಂದ, ಮನೆಯಲ್ಲಿಯೇ, ಒಂದು ವಾರಾಂತ್ಯದಲ್ಲಿ ಜೋಡಿಸಬಹುದು' ಎಂದು ಅಲ್ಲಿ ಬರೆದ ಮಹಾನುಭಾವರ ಕೈಗೆ ಬಂಗಾರದ ಕಡಗ ತೊಡಿಸಬೇಕು. ಅವರ ಕಡೆ ವಾರಾಂತ್ಯವೆಂದರೆ ಎಷ್ಟು ದಿನವೋ ತಿಳಿಯದು, ನಮ್ಮ ಕಡೆ ಅದು ದೀಪಾವಳಿ ಪಾಡ್ಯದಿಂದ ಸಂಕ್ರಾಂತಿಯವರೆಗೆ ನಡೆಯಿತು. ನಡುವೆ ಅಮಾವಾಸ್ಯೆಗಳು ಬಂದವು, ಅಂದು ಕಬ್ಬಿಣ ಮುಟ್ಟುವಂತಿಲ್ಲ ಎಂದು ನಮ್ಮ ಮನೆಯ ಶಾಸ್ತ್ರ. ಬುರಾನಸಾಬನಿಲ್ಲದ ಕೊಟ್ಟಿಗೆಯಲ್ಲಿ ನಾನು, ಮೂವತ್ತೊಂದು ವರ್ಷ ಕೀಲಿಮಣೆಗಿಂತ ಭಾರವಾದದ್ದನ್ನು ಎತ್ತದ ಈ ಬೆರಳುಗಳಿಂದ, ಪಾನಾ ಹಿಡಿದೆ. ಸಂಕೇತ ವಿಡಿಯೊ ಕರೆಯಲ್ಲಿ ಹೇಳಿಕೊಡುತ್ತಿದ್ದ. ಫೋನನ್ನು ದನಗಳಿಗೆ ಮೇವು ಹಾಕುವ ಗ್ವಾದಲಿಯ ಮೇಲೆ ತಲೆಕೆಳಗಾಗಿ ಆನಿಸಿಟ್ಟಿದ್ದರಿಂದ ಮೊದಲ ಎರಡು ರವಿವಾರ ಎಡ ಬಲ ಅದಲುಬದಲಾದವು. ಹಳೆಯ ಕಾರ್ಬ್ಯುರೇಟರು ಬಿಚ್ಚಿದೆ, ತಮ್ಮನ್ನು ಎಂಜಿನ್ನಿನ ಮೇಲೆ ಪ್ರತಿಷ್ಠಾಪಿಸಿದೆ, ಬೆಲ್ಟು ಹಾಕಿದೆ. ತಾವು ಎಷ್ಟು ಎತ್ತರದ ವ್ಯಕ್ತಿತ್ವದವರೆಂದರೆ ಬಾನೆಟ್ಟು ಮುಚ್ಚಲೇ ಇಲ್ಲ. ಅದಕ್ಕೆ ಕಿಟಕಿ ಕೊರೆದೆ. ಈ ಕಿಟಕಿಯ ವಿಷಯವನ್ನು ಸಾರಿಗೆ ಇಲಾಖೆಯವರು ಓದುತ್ತಿದ್ದರೆ ದಯವಿಟ್ಟು ಮುಂದಿನ ಪ್ಯಾರಾಕ್ಕೆ ಹೋಗಬೇಕಾಗಿ ವಿನಂತಿ.

ಕೊನೆಗೆ ತಮ್ಮ ಜೊತೆ ಬಂದಿದ್ದ ಗಾಳಿ ಸೋಸುವ ಫಿಲ್ಟರು ಉಳಿಯಿತು. ಅದನ್ನು ಕೂರಿಸಿದರೆ ಕೊಡಪಾನ ಹೊತ್ತವರ ಹಿಂದೆ ನಿಂತು ನಾಟಕ ನೋಡಿದ ಹಾಗೆ, ಮುಂದಿನ ರಸ್ತೆಯೇ ಕಾಣುತ್ತಿರಲಿಲ್ಲ. ನನ್ನ ಹೆಂಡತಿ ಮೃಣಾಲಿನಿ ಇದನ್ನು ನೋಡಿ, ಒಳಗೆ ಹೋಗಿ, ಜೋಳದ ಹಿಟ್ಟು ಸೋಸುವ ತನ್ನ ಹಳೆಯ ಸಾಣಿಗೆ ತಂದು ತಮ್ಮ ತೆರೆದ ಬಾಯಿಗೆ ತಂತಿಯಿಂದ ಕಟ್ಟಿದಳು. "ಹುಳಾ ಹುಪ್ಪಡಿ ಹೋಗದಿದ್ರ ಸಾಕಲ್ಲ" ಎಂದಳು. ತಮ್ಮ ಘನತೆಗೆ ಅದು ಕುಂದೆಂದು ನನಗೆ ಅನ್ನಿಸಿದ್ದು ನಿಜ. ಆದರೆ ಈ ಇಡೀ ಪ್ರಕರಣದಲ್ಲಿ ಬುದ್ಧಿ ಖರ್ಚಾದದ್ದು ಅದೊಂದೇ ಕಡೆ ಎಂಬುದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಕಾರು ಚಾಲೂ ಆಯಿತು. ತಮ್ಮ ಕಂಠದಿಂದ ಹೊರಟ ಆ 'ಕುಂಯ್' ನಾದಕ್ಕೆ ಓಣಿಯ ನಾಯಿಗಳೆಲ್ಲ ಒಕ್ಕೊರಲಿನಿಂದ ಉತ್ತರ ಕೊಟ್ಟವು. ಮನೆಗೆ ಹೊಸದೇನು ಬಂದರೂ ಮೊದಲು ಸವದತ್ತಿಯ ದಾರಿ ಹಿಡಿದು, ಉಗರಗೋಳ ದಾಟಿ, ಗುಡ್ಡದ ಮೇಲಿನ ಎಲ್ಲಮ್ಮನಿಗೆ ತೋರಿಸಿ ಬರುವುದು ರೂಢಿ. ಮೃಣಾಲಿನಿ ಕಾಯಿ, ಕರ್ಪೂರ ಹಿಡಿದು ಸಿದ್ಧಳಾಗಿದ್ದಳು. ನಾನು ಒಂದು ಸುತ್ತು ಹಾಕಿ ಬರುತ್ತೇನೆಂದು ಹೇಳಿ, ಅವಳನ್ನು ಬಾಗಿಲಲ್ಲೇ ಬಿಟ್ಟು ದೊಡವಾಡದ ದಾರಿ ಹಿಡಿದೆ. ಯಾಕೆಂದು ತಮಗೆ ಗೊತ್ತು. ಅಂದು ಶುಕ್ರವಾರ, ಬುರಾನಸಾಬನ ಅಂಗಡಿಗೆ ರಜೆ, ಆತ ಮನೆಯಲ್ಲಿರುತ್ತಾನೆ. ಅವನ ಮನೆ ರಸ್ತೆಯ ಬದಿಗೇ ಇದೆ. ಆ ಮನೆಯ ಮುಂದೆ ನಾನು ಒಮ್ಮೆ ಬಾಣದಂತೆ ಹಾದುಹೋಗಬೇಕಾಗಿತ್ತು, ಅಷ್ಟೇ.

ತಾವು ಅಂದು ತೋರಿಸಿದ ಪ್ರತಾಪವನ್ನು ಹೊಗಳಲು ನನ್ನ ಮೂವತ್ತೊಂದು ವರ್ಷದ ಪದಸಂಪತ್ತು ಸಾಲದು. ಬಸ್ಸು ಹಿಂದೆ ಬಿತ್ತು, ಮದುವೆಗೆ ಹೊರಟ ಜೀಪು ಹಿಂದೆ ಬಿತ್ತು. ಕೊನೆಗೆ ಮುಂದೆ ಹಾಡು ಕೇಳಿಸಿತು. ನಾಸಿರ! ಅವನ ಟ್ರ್ಯಾಕ್ಟರನ್ನು ನಾನು ಹಾರ್ನ್ ಹೊಡೆಯುತ್ತ ದಾಟಿದಾಗ ಐವತ್ತೆಂಟು ವರ್ಷದ ನಾನು ಕೂಗಿಯೂ ಕೂಗಿದೆ. ಏನೆಂದು ಕೂಗಿದೆ ಎಂಬುದು ನೆನಪಿಲ್ಲ, ಚಹಾದ ವಿಷಯವೇ ಇರಬೇಕು. ಅದೇ ಓಟದಲ್ಲಿ ತಿರುವು ದಾಟಿ ದೊಡವಾಡ ಸೇರಿದೆ.

ತಿರುವಿನ ಆಚೆ ಹುರಳಿ ಇತ್ತು. ತಮ್ಮ ಕೈಪಿಡಿಯಲ್ಲಿ ಹಿಮದ ರಸ್ತೆಗೆ ಅರ್ಧ ಪುಟ, ಮರಳಿನ ರಸ್ತೆಗೆ ಅರ್ಧ ಪುಟ ಮೀಸಲಿಟ್ಟಿದ್ದಾರೆ, ಹುರಳಿಯ ರಸ್ತೆಗೆ ಒಂದು ಸಾಲೂ ಇಲ್ಲ. ನಮ್ಮ ಕಡೆ ಸುಗ್ಗಿಯಲ್ಲಿ ಹುರಳಿಯನ್ನು ಕಿತ್ತು, ಒಣಗಿಸಿ, ಡಾಂಬರು ರಸ್ತೆಯ ಮೇಲೆ ಅಡ್ಡಲಾಗಿ ದಪ್ಪಗೆ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾದು ಹಾದು ಕಾಯಿ ಒಡೆದು ಕಾಳು ಬಿಡಿಸುತ್ತವೆ. ಬಾಡಿಗೆ ಕೇಳದ ರಾಶಿ ಮಷೀನು. ಇದು ಹುಟ್ಟಿದಾಗಿನಿಂದ ನಾನು ಕಂಡದ್ದು, ರಸ್ತೆಯ ಮೇಲೆ ರಾಶಿ ಮಾಡುವವರ ವಿರುದ್ಧವೂ ಅವರ ಪರವಾಗಿಯೂ ನಾನೇ ಅರ್ಜಿ ಬರೆದುಕೊಟ್ಟಿದ್ದೇನೆ. ಆದರೂ ಅಂದು ಮರೆತೆ. ಬ್ರೇಕು ತುಳಿದೆ. ಸವೆದ ಬ್ರೇಕು ತನ್ನಿಂದಾದಷ್ಟು ಹಿಡಿಯಿತು, ಆದರೆ ಚಕ್ರದ ಕೆಳಗೆ ಹುರಳಿ ಕಾಳುಗಳು ಬೇರಿಂಗಿನ ಗುಂಡುಗಳ ಹಾಗೆ ಉರುಳತೊಡಗಿದವು. ಪೈಲ್ವಾನ ಒಂದು ಸುತ್ತು ಪೂರ್ತಿ ತಿರುಗಿ, ಮತ್ತೆ ಅರ್ಧ ಸುತ್ತು ತಿರುಗಿ, ಬೈಲಹೊಂಗಲದ ಕಡೆ ಮುಖ ಮಾಡಿ ನಿಂತ. ಹೆಂಗಸರು ದೂರದ ಬೇವಿನ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದರು, ದೇವರು ದೊಡ್ಡವನು. 

ತಾವು ಮಾತ್ರ ಕರ್ತವ್ಯ ಬಿಡಲಿಲ್ಲ. ಎದ್ದ ಹೊಟ್ಟು, ಧೂಳು, ಸಿಪ್ಪೆ ಎಲ್ಲವನ್ನೂ ಆ ಕಿಟಕಿಯಿಂದ ಸೆಳೆದಿರಿ. ಅದು ಸಾಣಿಗೆಯ ಮೇಲೆ ಗಾದಿಯಂತೆ ಮೆತ್ತಿಕೊಂಡಿತು. ಎಂಜಿನ್ನು ನಾಲ್ಕು ಸಲ ಕೆಮ್ಮಿ ಉಸಿರುಗಟ್ಟಿ ನಿಂತಿತು. ಉಸಿರು ಹೆಚ್ಚಿಸಲು ಬಂದವರು ತಾವು!

ಗಿಡದ ಕೆಳಗಿನಿಂದ ಎದ್ದು ಬಂದವಳು ಕಾಶಿಂಬಿ, ಬುರಾನಸಾಬನ ಹೆಂಡತಿ. ಹುರಳಿ ಅವರದೇ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಯಾಕ್ರಿ ಅಣ್ಣಾರ, ಒಂದ ಸಲ ಹಾದ ನಿಂತ ಬಿಟ್ರಿ? ಒಂದ ಸಲಕ್ಕ ಹುರಳಿ ಬಿಡತಾವೇನ್ರಿ?" ಎಂದಳು. ಅಷ್ಟರಲ್ಲಿ ನಾಸಿರನ ಟ್ರ್ಯಾಕ್ಟರು ಬಂದು, ನನ್ನ ಪಕ್ಕದಲ್ಲಿ ಹಾಡು ಸಣ್ಣದು ಮಾಡಿ, ಮೆಲ್ಲಗೆ ಹಾದುಹೋಯಿತು. ಹುಡುಗನಿಗೆ ಎಷ್ಟು ಗೌರವವೆಂದು ಮೊದಲೇ ಹೇಳಿದ್ದೇನೆ.

ಬುರಾನಸಾಬ ಮನೆಯಿಂದ ಹೊರಗೆ ಬಂದ. ನನ್ನ ಮೋರೆಯನ್ನು ನೋಡಲಿಲ್ಲ, ಮೊದಲು ಬ್ರೇಕು ಹಿಡಿದ ಗುರುತನ್ನು ರಸ್ತೆಯ ಮೇಲೆ ನೋಡಿದ. ಬಾನೆಟ್ಟು ಎತ್ತಿ, ಸಾಣಿಗೆಯನ್ನು ಬಿಚ್ಚಿ, ಮೊಣಕಾಲಿಗೆ ಬಡಿದು ಕೊಡವಿ, "ಇದನ್ನ ಕಟ್ಟಿದವರ ಪುಣ್ಯಾ, ಎಂಜಿನ್ ಉಳದೈತಿ" ಎಂದು ಹುರಳಿಗೆ ಹೇಳಿದ. ಮತ್ತೆ ಕಟ್ಟಿದ. ಬೆಲ್ಟನ್ನು ಕಳಚಿ ತಮ್ಮ ಕೊರಳಿಗೆ ಮಾಲೆಯಂತೆ ಸುತ್ತಿಟ್ಟ. ತಾವು ಸುಮ್ಮನಾದಿರಿ, ಕಾರು ತನ್ನ ಹಳೆಯ ದನಿಯಲ್ಲಿ ಹೇಗೋ ಕುಂಟುತ್ತ ಚಾಲೂ ಆಯಿತು. ಆಮೇಲೆ ಆತ ಸ್ಟೇರಿಂಗಿನ ಹಿಂದೆ ಕುಳಿತು, ಒಂದನೇ ಗೇರಿನಲ್ಲಿ, ಆ ನೂರು ಮಾರು ಹುರಳಿಯ ಮೇಲೆ ಮುಂದೆ ಹಿಂದೆ, ಮುಂದೆ ಹಿಂದೆ, ಮೂವತ್ತೆಂಟು ಸಲ ಓಡಾಡಿದ. ನಾನು ಬದಿಯ ಸೀಟಿನಲ್ಲಿ ಕುಳಿತು ಎಣಿಸಿದೆ. ಕಾಶಿಂಬಿ ಕೋಲಿನಿಂದ ಹುರಳಿ ಹೊರಳಿಸುತ್ತಿದ್ದಳು. ನಾಲ್ಕು ತಾಲೂಕಿನ ಅತಿ ವೇಗದ ಕಾರು ಎತ್ತಿನ ಹಿಂದೆ ಎತ್ತು ತಿರುಗಿದ ಹಾಗೆ ತಿರುಗಿತು. ಆ ಮೂವತ್ತೆಂಟು ಸಲದಲ್ಲಿ ಒಂದು ಸಲವಾದರೂ ನಾನು ಬಾಯಿ ಬಿಡಬಹುದಿತ್ತು, ಪ್ರತಿ ಸಲ ಮುಂದಿನ ಸಲ ಎಂದುಕೊಂಡೆ. ಕೆಲಸ ಮುಗಿಯಿತು. "ಆತ್ರಿ ರಾಯರ" ಎಂದು ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಆತ ಒಳಗೆ ಹೋದ.

ಮರುದಿನವೇ ನಾನು ತಮ್ಮನ್ನು ಬಿಚ್ಚಿದೆ, ಕಾರ್ಬ್ಯುರೇಟರನ್ನು ಅದರ ಹಳೆಯ ಗದ್ದುಗೆಯಲ್ಲಿ ಕೂರಿಸಿದೆ. ಹತ್ತು ವಾರ ಹಿಡಿದ ಕೆಲಸ ಒಂದು ಮಧ್ಯಾಹ್ನದಲ್ಲಿ ಹಿಮ್ಮುಖವಾಯಿತು. ಮುಂದಿನ ವಾರ ನಾಸಿರ ತಂಗಿಯ ಆಧಾರ್ ಅರ್ಜಿ ಬರೆಸಲು ಬಂದವನು, ಕಾಶಿಂಬಿಯ ಹುರಳಿ ಗುಂಪೆಯಾಗಿ ಬಿದ್ದಿದೆ, ತೂರಬೇಕೆಂದರೆ ಎಂಟು ದಿನದಿಂದ ಗಾಳಿಯೇ ಬಿಟ್ಟಿಲ್ಲ ಎಂದು ಹೇಳಿದ. ಗಾಳಿ! ಮಾನ್ಯರೇ, ತಮ್ಮ ಅವತಾರದ ಉದ್ದೇಶ ನನಗೆ ಆ ಕ್ಷಣದಲ್ಲಿ ಹೊಳೆಯಿತು. ತಮ್ಮನ್ನು ಅದೇ ಥರ್ಮೋಕೋಲಿನ ಡಬ್ಬಿಯಲ್ಲಿಟ್ಟು ನಾಸಿರನ ಟ್ರ್ಯಾಕ್ಟರಿನಲ್ಲಿ ಕಳಿಸಿಕೊಟ್ಟೆ. ಬುರಾನಸಾಬ ತಮಗೆ ನೀರೆತ್ತುವ ಮೋಟಾರು ಜೋಡಿಸಿದ್ದಾನೆಂದೂ, ತಾವು ಈಗ ಸಂಜೆಯ ಹೊತ್ತು ಕಣದಲ್ಲಿ ನಿಂತು ಊದುತ್ತೀರೆಂದೂ, ಹೊಟ್ಟು ಒಂದು ಕಡೆ ಕಾಳು ಒಂದು ಕಡೆ ಬೀಳುತ್ತವೆಂದೂ, ಅಕ್ಕಪಕ್ಕದವರೆಲ್ಲ ತಮ್ಮನ್ನು ಪಾಳಿ ಹಚ್ಚಿ ಕೇಳುತ್ತಿದ್ದಾರೆಂದೂ ತಿಳಿದು ಸಂತೋಷವಾಗಿದೆ. ಬುರಾನಸಾಬನಿಂದ ಮಾತ್ರ ಒಂದು ಮಾತೂ ಬರಲಿಲ್ಲ. ಮೋಟಾರ್ ಸೈಕಲ್ ಓಣಿಯ ತಿರುವಿನಲ್ಲಿ ನಿಧಾನವಾಗುತ್ತದೆ, ಹೋಗುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಕೈಪಿಡಿಯ ಕೊನೆಯಲ್ಲಿರುವ ದೋಷ ಪರಿಹಾರದ ಪಟ್ಟಿಯನ್ನು ತಿದ್ದಿಸಬೇಕು. ಎಂಜಿನ್ನು ಕಾದರೆ ನೀರು ನೋಡಿ ಎಂದಿದೆ, ಬೆಲ್ಟು ಕಿರುಚಿದರೆ ಬಿಗಿ ಮಾಡಿ ಎಂದಿದೆ. ಗೆಳೆಯ 'ರಾಯರ' ಎಂದು ಕರೆದರೆ ಏನು ಮಾಡಬೇಕೆಂದು ಇಲ್ಲ. ಹಾಗೆಯೇ ಮೂರನೇ ಪುಟದಲ್ಲಿ 'ಸಾಧಾರಣ ಉಪಕರಣಗಳು' ಎಂಬಲ್ಲಿ ಪಾನಾ, ಸ್ಕ್ರೂಡ್ರೈವರುಗಳ ನಂತರ 'ಒಬ್ಬ ಬುರಾನಸಾಬ' ಎಂದು ಸೇರಿ­ಸಬೇಕು, ಮತ್ತು ಅವರು ಬೇಡವೆಂದರೆ ಡಬ್ಬಿಯನ್ನು ಒಡೆಯತಕ್ಕದ್ದಲ್ಲ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು.

ಮೃಣಾಲಿನಿ ನಿನ್ನೆ ಉಳಿದ ಚಹಾವನ್ನು ತುಳಸಿಯ ಬದಿಯ ಮೋರಿಗೆ ಚೆಲ್ಲುತ್ತ, "ಊರ ಮಂದೀದೆಲ್ಲಾ ತಪ್ಪೊಪ್ಪಿಗಿ ಬರದು ಕೊಡ್ತೀರಿ, ನಿಮ್ಮದೊಂದು ಹೇಳಲಿಕ್ಕೆ ಏನು ಧಾಡಿ?" ಎಂದಳು. ಧಾಡಿ ಏನೆಂದು ನನಗೂ ಗೊತ್ತಿಲ್ಲ. ಬರೆಯಲು ಕುಳಿತರೆ ಆ ಹಳೆಯ ಸಾಲೇ ಬರುತ್ತದೆ, ಅಚಾತುರ್ಯದಿಂದ ಸಂಭವಿಸಿದ್ದು ಎಂದು. ಅದು ಅಚಾತುರ್ಯವಾಗಿರಲಿಲ್ಲ. ನಾಲ್ಕು ಜನ ನಕ್ಕರೆಂದು ನಾನು ಬೇಕೆಂದೇ ಅವನಿಗೆ ನೋಯಿಸಿದೆ. ಸಂಜೆ ಆತ ತಮ್ಮ ಹತ್ತಿರವೇ ಕುಳಿತಿರುತ್ತಾನೆ. ತಾವು ಊದುವುದನ್ನು ಒಂದು ನಿಮಿಷ ನಿಲ್ಲಿಸಿ, ತಪ್ಪು ನನ್ನದು, ಕಣ್ಣು ಅವನದೇ ಸರಿ, ಅವನಿಲ್ಲದೆ ನನಗೆ ಪತ್ರಿಕೆ ಓದಲಾಗುತ್ತಿಲ್ಲ ಎಂದು ಅವನ ಕಿವಿಯಲ್ಲಿ ಹೇಳಬೇಕು. ಇಷ್ಟು ಉಪಕಾರ ಮಾಡಿದರೆ ತಮ್ಮ ಮೇಲಿನ ಎಲ್ಲ ದೂರುಗಳನ್ನೂ ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತೇನೆ.

ಕಾಳಿಗೂ ಹೊಟ್ಟಿಗೂ ಇರುವ ಅಂತರ ನನಗಿಂತ ಮೊದಲು ತಿಳಿದುಕೊಂಡ ತಮ್ಮ ಜಾಣತನಕ್ಕೆ ಮಣಿದು,

ತಮ್ಮ ವಿಶ್ವಾಸಿ,
ಮುಕುಂದ

ತಾ.ಕ.: ಈ ಪತ್ರದ ಒಂದು ಪ್ರತಿಯನ್ನು, ತಮಗೆ ಓದು ಬಾರದಿರಬಹುದೆಂಬ ಸಂಶಯದಿಂದ, ನಾಸಿರನ ಕೈಯಲ್ಲಿ ಕಳಿಸಿದ್ದೆ. ಆತ ನಿನ್ನೆ ಸಂಜೆ ಕಣದಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದನಂತೆ. ಮೋಟಾರು ಬಂದ್ ಮಾಡಿಸಿ ಕೇಳಿದ ಬುರಾನಸಾಬ ಹೇಳಿ ಕಳಿಸಿದ ಉತ್ತರವನ್ನು ಯಥಾವತ್ತಾಗಿ ದಾಖಲಿಸುತ್ತಿದ್ದೇನೆ: "ಲೇ ಮುಕ್ಯಾ, ಮಷೀನಿಗೆ ಅರ್ಜಿ ಹಾಕತೀಯೇನ? ಅರ್ಜಿ ನಾಮಂಜೂರ. ಅರ್ಜಿದಾರ ಖುದ್ದ ಹಾಜರಾಗಬೇಕ. ಬರೂ ಮುಂದ ಪೇಪರ್ ತಗೊಂಡ ಬಾ, ನಾಕ ತಿಂಗಳದ್ದು ಎಲ್ಲಾ." ಆದಕಾರಣ ತಾವು ನನ್ನ ಪತ್ರಕ್ಕೆ ಉತ್ತರಿಸುವ ತೊಂದರೆ ತೆಗೆದುಕೊಳ್ಳದೆ, ತಮ್ಮ ಯೋಗ್ಯತೆಗೆ ತಕ್ಕ ಹೊಟ್ಟು ಊದುವ ಕಾರ್ಯವನ್ನು ಮುಂದುವರಿಸಬೇಕು. ಪತ್ರಿಕೆಗಳ ಗಂಟು ಹಿಂದಿನ ಸೀಟಿನಲ್ಲಿದೆ, ಚಹಾ ಥರ್ಮಾಸಿನಲ್ಲಿದೆ. ಕಾರು ತನ್ನ ಸ್ವಂತ ಉಸಿರಿನಲ್ಲೇ ಹೊರಟಿದೆ. ದಾರಿಯಲ್ಲಿ ಹಿಂದಿನಿಂದ ಹಾಡು ಕೇಳಿಸಿದರೆ ಬಾಜೂ ಸರಿದು ದಾರಿ ಬಿಡುತ್ತೇನೆ.